ಸುಗ್ಗಿಯಲ್ಲಿ ಮಾರುವ ಮನೆ

ಧರ್ಣಪ್ಪ ತಾನು ಕೊಂಡ ಹೊಳೆಬದಿಯ ಮನೆಯ ಗೋಡೆಗಳಲ್ಲಿದ್ದ ನೆರೆನೀರಿನ ಗೆರೆಗಳನ್ನೆಲ್ಲ ಕೆತ್ತಿಸಿ, ಮೇಲೆ ಸಿಮೆಂಟು ಮೆತ್ತಿಸಿ, ಸುಣ್ಣ ಹೊಡೆಸಿದ. ಕೆಲಸ ಮೂರೇ ದಿನದಲ್ಲಿ ಮುಗಿಯಿತು.

ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಲೋಲಾಕ್ಷಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಅದನ್ನೆಲ್ಲ ನೋಡಿದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಧರ್ಣಪ್ಪನದು ಸರಳವಾದ ವ್ಯಾಪಾರ. ಆಟಿ ತಿಂಗಳ ಮಳೆಗೆ ನೇತ್ರಾವತಿ ಉಕ್ಕಿ ಬಂಟ್ವಾಳದ ಹೊಳೆಬದಿಯ ಓಣಿಗೆ ನುಗ್ಗಿದಾಗ, ಒಲೆ ಹೊತ್ತಿಸಲು ಜಾಗವಿಲ್ಲದ ಮನೆಯವರು ‘ಯಾರಾದರೂ ತೆಗೆದುಕೊಂಡರೆ ಸಾಕು’ ಎನ್ನುತ್ತಾರೆ. ಆಗ ಕೊಳ್ಳುವುದು. ಸುಗ್ಗಿಯ ಹೊತ್ತಿಗೆ ಹೊಳೆ ಮರಳು ತೋರಿಸಿಕೊಂಡು ಪಾಪದ ಪ್ರಾಣಿಯ ಹಾಗೆ ಮಲಗಿರುತ್ತದೆ, ಗೋಡೆ ಒಣಗಿರುತ್ತದೆ. ಆಗ ಮಾರುವುದು. ಎರಡು ಸಾವಿರದ ಐದು-ಆರರ ಆ ದಿನಗಳಲ್ಲಿ ಗಲ್ಫಿನ ದುಡ್ಡು, ರಬ್ಬರಿನ ದುಡ್ಡು ಎಲ್ಲ ನೆರೆ ಮುಟ್ಟದ ಗುಡ್ಡ ಹತ್ತಿ ಕೂತಿತ್ತು. ಬಿ.ಸಿ.ರೋಡಿನಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಗುಡ್ಡದ ರೇಟು ಏರಿದ ಹಾಗೆ ಇಲ್ಲದವರು ಕೆಳಕ್ಕೆ ಇಳಿಯುತ್ತಾ ಬಂದರು. ಹೊಳೆ ಮೇಲಕ್ಕೆ ಹತ್ತುತ್ತಾ ಬಂತು. ಇಬ್ಬರೂ ಎದುರುಬದುರಾಗುವ ಜಾಗ ನೋಡಿಯೇ ಧರ್ಣಪ್ಪ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ನೆಟ್ಟಿದ್ದ. ಊರು ಬೆಳೆಯುತ್ತಿದೆ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಿದ್ದವರು ಯಾರೂ ಆ ಓಣಿಯಲ್ಲಿ ಒಂದು ಆಟಿ ಕಳೆದವರಲ್ಲ.

ಆದರೆ ಅವನ ವ್ಯಾಪಾರಕ್ಕೆ ಒಂದು ತೊಡಕಿತ್ತು. ಬಂಟ್ವಾಳಕ್ಕೆ ನೆರೆ ಬರುವುದು ಇಡೀ ಜಿಲ್ಲೆಗೆ ಗೊತ್ತು. ಎಲ್ಲಿವರೆಗೆ ಎಂಬುದಷ್ಟೇ ಮನೆಯಿಂದ ಮನೆಗೆ ಬೇರೆ. ಹಾಗಾಗಿ ಓಣಿಯಲ್ಲಿ ಮನೆ ನೋಡಲು ಬಂದವರು ಮಾರುವವನ ಮಾತು ನಂಬುವುದಿಲ್ಲ. ಆ ಮನೆಯಲ್ಲಿ ಆಟಿ ಕಳೆದವರನ್ನು ಎದುರು ನಿಲ್ಲಿಸಿ ಕೇಳುತ್ತಾರೆ. ಅವರು ಹೇಳಿದ ಮೇಲೆಯೇ ಮುಂಗಡ. ಕಾಗದ ಪತ್ರ ಎಷ್ಟೇ ಚೊಕ್ಕವಿದ್ದರೂ ಈ ಕ್ರಮ ತಪ್ಪುವುದಿಲ್ಲ.

ಹಾಗೆ ಕೇಳುವುದಕ್ಕೆ ಈಗ ಓಣಿಯಲ್ಲಿ ಉಳಿದವಳು ಲೋಲಾಕ್ಷಿ ಒಬ್ಬಳೇ.

ಗಂಡ ಮುಂಬೈಯ ಹೋಟೆಲು ಕೆಲಸಕ್ಕೆ ಹೋದವನು ಅಲ್ಲಿಯವನೇ ಆಗಿಹೋದ. ಆಗ ಅವಳಿಗೆ ಅಷ್ಟೇನೂ ಅನ್ನಿಸಿರಲಿಲ್ಲ, ಓಣಿ ತುಂಬ ಜನ ಇದ್ದರು. ಬಾಗಿಲಿಗೊಬ್ಬರು ಬೀಡಿಗೆ ಕೂತು, ಕತ್ತರಿಯ ಜೊತೆಗೆ ಬಾಯಿಯನ್ನೂ ಓಡಿಸುತ್ತಿದ್ದರು. ಈಗ ಕೈಲಾದವರೆಲ್ಲ ಗುಡ್ಡಕ್ಕೆ ಹೋಗಿದ್ದರು. ಕೊನೆಗೆ ಎದುರುಮನೆಯ ಬೀಯಮ್ಮನೂ ಮೆಲ್ಕಾರಿನ ಗುಡ್ಡದಲ್ಲಿದ್ದ, ಸಾಲಾಗಿ ಕೋಣೆ ಕಟ್ಟಿದ ಲೈನ್ ಮನೆಗೆ ಹೋದರು. ದಿನಕ್ಕೊಮ್ಮೆ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋದಾಗ ಅಲ್ಲಿಯವನು “ಎಷ್ಟು ಕಟ್ಟು?” ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಟ್ಟರೆ ಅವಳ ಆ ದಿನದ ಮಾತು ಮುಗಿಯಿತು. ಒಮ್ಮೆ ಬಾಗಿಲಿಗೆ ಬಂದ ಬೆಕ್ಕನ್ನು ಗದರಿಸಹೋಗಿ, ತನ್ನದೇ ಸ್ವರ ಕೇಳಿ ಬೆಚ್ಚಿದ್ದಳು.

ಸುಣ್ಣ ಒಣಗಿದ ಮೇಲೆ ಧರ್ಣಪ್ಪ ಅವಳ ಬಾಗಿಲಿಗೆ ಬಂದ.

“ಲೋಲಾಕ್ಷಿ, ಮೆಲ್ಕಾರಿನ ನನ್ನ ಲೈನಿನಲ್ಲಿ ಕೊನೆಯ ಕೋಣೆ ಖಾಲಿ ಉಂಟು. ಬೀಯಮ್ಮನದ್ದೂ ಅದೂ ಒಂದೇ ಗೋಡೆ. ಬಾಡಿಗೆ ಇಲ್ಲಿಯದ್ದೇ ಕೊಟ್ಟರೆ ಸಾಕು.”

“ಇಷ್ಟು ಒಳ್ಳೆಯವರು ನೀವು ಯಾವಾಗ ಆದದ್ದು ಧರ್ಣಪ್ಪಣ್ಣ? ನನಗೆ ಗೊತ್ತೇ ಆಗ್ಲಿಲ್ಲ.”

“ತಮಾಷೆ ಬೇಡ ಮಾರಾಯ್ತಿ. ನಾಳೆ ಒಂದು ಪಾರ್ಟಿ ಬರ್ತದೆ. ಕೇಳಿದರೆ, ಜಗಲಿವರೆಗೆ ಬಂದು ಇಳೀತದೆ ಅಂತ ಹೇಳು. ಒಂದು ಮಾತು, ಅಷ್ಟೆ. ಮನೆ ಹೋದ ದಿನವೇ ಬೀಗದ ಕೈ ನಿನ್ನ ಕೈಗೆ.”

ಲೋಲಾಕ್ಷಿ ಆಯಿತು ಎಂದಳು.

ಆ ಸಂಜೆ ಬೀಡಿ ಕೊಟ್ಟು ಬರುವಾಗ ಮೆಲ್ಕಾರಿಗೆ ಹೋಗಿ ಆ ಕೋಣೆಯನ್ನು ನೋಡಿದಳು. ನೋಡುವಂಥದ್ದು ಏನೂ ಇರಲಿಲ್ಲ. ಒಂದು ಕಿಟಕಿ, ಒಂದು ಒಲೆ. ಗೋಡೆಯಾಚೆ ಬೀಯಮ್ಮ ಮೊಮ್ಮಗಳನ್ನು ಬೈಯುತ್ತಿದ್ದರು. ಊಟ ಬಿಟ್ಟದ್ದಕ್ಕೆ, ತಲೆ ಬಾಚದ್ದಕ್ಕೆ, ಅಪ್ಪನ ಹಾಗೆ ಮೂಗು ಎತ್ತಿಕೊಂಡು ನಡೆಯುವುದಕ್ಕೆ. ಲೋಲಾಕ್ಷಿ ಖಾಲಿ ಕೋಣೆಯಲ್ಲಿ ನಿಂತು ಆ ಬೈಗುಳವನ್ನು ಕೊನೆಯವರೆಗೂ ಕೇಳಿದಳು.

ಮರುದಿನ ಬಂದವರು ಸುಹೈಬ್ ಮತ್ತು ಅವನ ಹೆಂಡತಿ ಮುರ್ಶಿದಾ. ಅವಳ ಹೆಗಲ ಮೇಲೆ ನಿದ್ದೆ ಹೋದ ಕೂಸು. ಅವನಿಗೆ ಮೂಡುಬಿದಿರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಬಾಡಿಗೆಗಿದ್ದದ್ದು ಲಾಯಿಲದಲ್ಲಿ. ಆ ಮನೆಯನ್ನು ಮಾಲೀಕ ಕೆಡವಿ ಮಹಡಿ ಕಟ್ಟಿಸುವವನಿದ್ದ.

“ಗಾಳಿ ನೋಡಿ,” ಎಂದ ಧರ್ಣಪ್ಪ. “ಹೊಳೆಯ ಗಾಳಿ. ಫ್ಯಾನಿನ ಖರ್ಚೇ ಇಲ್ಲ.”

“ಗಾಳಿಯದ್ದೂ ರೇಟಿಗೆ ಸೇರಿಸಿದ್ದೀರಿ ಅಂತ ಕಾಣ್ತದೆ,” ಎಂದ ಸುಹೈಬ್.

“ಮೂಡುಬಿದಿರೆಯಲ್ಲಿ ಈ ದುಡ್ಡಿಗೆ ನಿಮಗೆ ಬಚ್ಚಲುಕೋಣೆ ಸಿಗ್ತದಾ ಹೇಳಿ!”

“ಅದೂ ಸಿಗುವುದಿಲ್ಲ. ಕಳೆದ ವರ್ಷ ಸಿಗ್ತಿತ್ತು.” ಸುಹೈಬ್ ಗೋಡೆಯ ಮೇಲೆ ಅಂಗೈ ಆಡಿಸಿದ. ಸಿಮೆಂಟು ಮಾರುವವನ ಕೈ ಅದು. “ಇದು ಹೊಸ ಗಾರೆ ಅಲ್ವಾ?”

“ನಿಮಗಾಗಿಯೇ ಮಾಡಿಸಿದ್ದು ಮಾರಾಯ್ರೆ.”

ಸುಹೈಬ್ ನಗಲಿಲ್ಲ. “ಇಲ್ಲಿ ಆಟಿ ಕಳೆದವರು ಯಾರಿದ್ದಾರೆ?”

ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಮುರ್ಶಿದಾ ಬಿಸಿನೀರು ಕೇಳಿಕೊಂಡು ಹಿಂದಿನ ಕೋಣೆಗೆ ಬಂದಳು. ಲೋಲಾಕ್ಷಿ ಒಲೆಗೆ ತೆಂಗಿನ ಕೊತ್ತಳಿಗೆ ತಳ್ಳಿ, ಕೂಸನ್ನು ಎತ್ತಿಕೊಂಡಳು. ಎಷ್ಟೋ ಕಾಲದ ಮೇಲೆ ಅವಳ ಕೈಗೆ ಬೀಡಿಯಲ್ಲದ ಒಂದು ಭಾರ ಬಂದಿತ್ತು.

“ನಿಮ್ಮ ಹೆಸರೆಂತ ಅಕ್ಕ?”

“ಲೋಲಾಕ್ಷಿ.”

“ಲೋಲಕ್ಕ, ನೀವು ಇಲ್ಲಿಂದ ಹೋಗುವುದು ಬೇಡ ಆಯ್ತಾ? ಈ ಕೋಣೆಯಲ್ಲೇ ಇರಿ. ಇವರು ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನಗೂ ಒಂದು ಜನ ಆಗ್ತದೆ. ನನಗೂ ಬೀಡಿ ಕಲಿಸಿ.”

“ನಿನ್ನ ಈ ಬೆರಳಲ್ಲಿ ಬೀಡಿ ಕಟ್ಟಿದರೆ ಸೇದುವವನು ಅದನ್ನು ಪಟಾಕಿ ಅಂತ ಎಣಿಸಿಯಾನು.”

ಮುರ್ಶಿದಾ ನಕ್ಕಳು. ನಕ್ಕು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. “ಲೋಲಕ್ಕ, ಇವರು ಬಂದು ನಿಮ್ಮಲ್ಲಿ ಕೇಳ್ತಾರೆ. ಜಗಲಿವರೆಗೆ ಮಾತ್ರ ಅಂತ ಹೇಳಿ.”

ಲೋಲಾಕ್ಷಿ ಅವಳ ಮುಖ ನೋಡಿದಳು.

“ನನಗೆ ಗೊತ್ತುಂಟು, ಅಷ್ಟಕ್ಕೆ ನಿಲ್ಲುವುದಿಲ್ಲ. ಹೊಸ ಗಾರೆ ನನಗೂ ಕಾಣ್ತದೆ. ಎರಡು ವರ್ಷದಿಂದ ನೋಡ್ತಾ ಇದ್ದೇವೆ. ಲಾಯಿಲದಲ್ಲಿ ಆಗ್ಲಿಲ್ಲ, ಅಳದಂಗಡಿಯಲ್ಲಿ ಮುಂಗಡ ಹಿಡಿದು ಹೋಗುವಾಗ ರೇಟು ಬದಲಾಯ್ತು. ಇದೂ ಬಿಟ್ಟರೆ ಇವರು ಮತ್ತೆ ಮನೆ ಮಾತೇ ಎತ್ತುವುದಿಲ್ಲ. ನನ್ನ ಬಂಗಾರ ಹೋಗುವುದು ಹೇಗೂ ಹೋಗ್ತದೆ, ಬಾಡಿಗೆಗೆ ಹೋಗುವುದಕ್ಕಿಂತ... ಒಮ್ಮೆ ನಮ್ಮದು ಅಂತ ಆಗಲಿ ಲೋಲಕ್ಕ. ನೀರು ಬಂದರೆ ನಾವಿಬ್ಬರೂ ಒಟ್ಟಿಗೆ ಅಟ್ಟಕ್ಕೆ ಹೋಗುವ.”

ಒಟ್ಟಿಗೆ. ಲೋಲಾಕ್ಷಿಗೆ ಹೋದ ಆಟಿ ನೆನಪಾಯಿತು. ಬೀಡಿ ಎಲೆಯ ಕಟ್ಟು ಎದೆಗವಚಿಕೊಂಡು ಅಟ್ಟದಲ್ಲಿ ಕೂತಿದ್ದಳು. ಕೆಳಗೆ ಅವಳ ಮಣೆ, ಚೆಂಬು, ದಿಂಬು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ತೇಲುತ್ತಿದ್ದವು. ಓಣಿಯಲ್ಲಿ ಬಂದ ದೋಣಿಯವರು ಟಾರ್ಚು ಹಾಕಿ, “ಎಷ್ಟು ಜನ ಇದ್ದೀರಿ?” ಎಂದು ಕೂಗಿದರು. “ಒಬ್ಬಳೇ,” ಎಂದಳು. “ಒಬ್ಬಳೇಯಾ?” ಎಂದು ಅವರು ಇನ್ನೊಮ್ಮೆ ಕೇಳಿದರು. ನೀರಿಗಿಂತ ಆ ಎರಡನೇ ಪ್ರಶ್ನೆಯೇ ಅವಳನ್ನು ಹೆಚ್ಚು ನಡುಗಿಸಿತ್ತು.

ಈಗ ಯಾವ ಕಡೆ ತಿರುಗಿದರೂ ಜನ. ಸುಳ್ಳು ಹೇಳಿ ಗುಡ್ಡಕ್ಕೆ ಹೋದರೆ ಬೀಯಮ್ಮ, ಸುಳ್ಳು ಹೇಳಿ ಇಲ್ಲೇ ನಿಂತರೆ ಈ ಹುಡುಗಿ. ಸತ್ಯ ಹೇಳಿದರೆ ಮಾತ್ರ ಯಾರೂ ಇಲ್ಲ. ಅವಳ ಹೆಗಲ ಮೇಲೆ ಕೂಸು ಜೊಲ್ಲು ಸುರಿಸುತ್ತಾ ಮತ್ತೆ ನಿದ್ದೆಗೆ ಜಾರಿತು. ಅಟ್ಟದಲ್ಲಿ ಅದನ್ನು ಮಲಗಿಸುವುದಾದರೆ ಎಲ್ಲಿ ಎಂದು ಅವಳು ಯೋಚಿಸಿದಳು. ಹಲಗೆಗಳ ನಡುವೆ ಕೈ ಹೋಗುವಷ್ಟು ಸಂದು. ಅದರ ಕೆಳಗೆ ನೀರು.

“ಲೋಲಾಕ್ಷೀ!” ಧರ್ಣಪ್ಪ ಕರೆದ. “ಸ್ವಲ್ಪ ಈಚೆ ಬಾ.”

ಕೂಸನ್ನು ಮುರ್ಶಿದಾಳ ಕೈಗಿತ್ತು ಅವಳು ಮನೆಯ ಮುಂಭಾಗದ ಚಾವಡಿಗೆ ಬಂದಳು. ಸುಹೈಬ್ ಎದ್ದು ನಿಂತ.

“ಅಕ್ಕ, ಹೋದ ಆಟಿಯಲ್ಲಿ ನೀವು ಇಲ್ಲೇ ಇದ್ದದ್ದಾ?”

“ಹೌದು.”

“ನೀರು ಎಲ್ಲಿವರೆಗೆ ಬರ್ತದೆ?”

“ಹೇಳು, ಹೇಳು,” ಎಂದ ಧರ್ಣಪ್ಪ. “ಜಗಲಿವರೆಗೆ ಅಲ್ವಾ?”

“ನಾನು ಅವರ ಹತ್ತಿರ ಕೇಳಿದ್ದು,” ಎಂದ ಸುಹೈಬ್.

ಲೋಲಾಕ್ಷಿಯ ಬೆನ್ನ ಹಿಂದೆ ಮುರ್ಶಿದಾಳ ಬಳೆ ಸದ್ದಾಯಿತು.

“ಅಟ್ಟದ ಏಣಿ ಅರ್ಧ ಮುಳುಗ್ತದೆ,” ಎಂದಳು ಲೋಲಾಕ್ಷಿ. “ಅಟ್ಟದಲ್ಲಿ ಮಗುವನ್ನು ಮಲಗಿಸ್ಲಿಕ್ಕೆ ಆಗುವುದಿಲ್ಲ.”

ಧರ್ಣಪ್ಪನೇ ಮೊದಲು ನಕ್ಕ. “ಇವಳಿಗೆ ಈ ಕೋಣೆ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ ಸುಹೈಬ್. ಬಂದವರನ್ನೆಲ್ಲ ಹೆದರಿಸಿ ಓಡಿಸ್ತಾಳೆ. ಒಂಟಿ ಹೆಂಗಸು, ತಲೆ ಒಂದು ಸಮ ಇಲ್ಲ.”

ಮುರ್ಶಿದಾ ಮುಂದೆ ಬಂದಳು. ಕಣ್ಣು ತುಂಬಿತ್ತು, ಅದು ಬರೀ ದುಃಖವಲ್ಲ, ಸಿಟ್ಟೂ ಹೌದು. “ಇನ್ನು ನಾವು ಎಲ್ಲಿಗೆ ಹೋಗುವುದು ಲೋಲಕ್ಕ? ಅದನ್ನೂ ನೀವೇ ಹೇಳಿ.”

ಗುಡ್ಡವನ್ನೆಲ್ಲ ಹಂಚಿಕೊಂಡು ಕೂತವರನ್ನು ಯಾರೂ ಇಂಥ ಚಾವಡಿಗೆ ಕರೆದು ನಿಲ್ಲಿಸಿ ಕೇಳುವುದಿಲ್ಲ. ಕೇಳುವುದು ಬೀಡಿ ಕಟ್ಟುವವಳನ್ನು. ಲೋಲಾಕ್ಷಿ ಕೂಸಿನ ಬಾಯಿಯ ಜೊಲ್ಲನ್ನು ತನ್ನ ಸೆರಗಿನಿಂದ ಒರೆಸಿದಳು.

ಧರ್ಣಪ್ಪ ಹತ್ತಿರ ಬಂದು, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ: “ಮೆಲ್ಕಾರಿನ ಕೋಣೆ ಹೋಯ್ತು. ಈ ಕೋಣೆಯೂ ಹೋಗ್ತದೆ. ಇನ್ನೊಂದು ಮಾತು ಬೇಡ. ಒಳಗೆ ಹೋಗು.”

“ಹೋಗುವುದಿಲ್ಲ,” ಎಂದಳು ಲೋಲಾಕ್ಷಿ, ಎಲ್ಲರಿಗೂ ಕೇಳುವ ಹಾಗೆ.