ಬಾಣಂತಿಯ ಸ್ನಾನದ ನೀರು

ಪುಟ್ಟಕ್ಕನಿಗೆ ಅತ್ತೆಯ ಕಣ್ಣು ತಪ್ಪಿಸುವುದನ್ನು ಕಲಿಸಿದವಳು ನಾನೇ. ಎಪ್ಪತ್ತೇಳರ ಮಾಗಿಯಲ್ಲಿ. ಆಗ ನಾನು ದೊಡ್ಡೇರಿ ಕಡೆಯ ಹಳ್ಳಿಗಳಿಗೆ ಹೆರಿಗೆ ನರ್ಸು. ಕುರಿ ಸಾಕುವವರ ಒಂದು ಹಟ್ಟಿಯೂ ನನ್ನ ಪಾಲಿಗೆ ಬಂದಿತ್ತು. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಹೋದರೆ ಮೊದಲು ಮಜ್ಜಿಗೆ ಕೊಡುತ್ತಿದ್ದರು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು, ನಾನು ಬೆನ್ನು ತಿರುಗಿಸಿದ ಮೇಲೆ ತಮಗೆ ತೋಚಿದ್ದನ್ನು ಮಾಡುತ್ತಿದ್ದರು. ಸಂಬಳಕ್ಕೆ ಬುದ್ಧಿ ಹೇಳುವವಳ ಮಾತಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗಬೇಕೆಂದು ನಾನೂ ಬಯಸಿರಲಿಲ್ಲ.

ಆ ಹಟ್ಟಿಯಲ್ಲಿ ಹೆತ್ತವಳನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಊರಾಚೆ, ಹೊಲದ ಅಂಚಿನಲ್ಲಿ, ಸೋಗೆ ಹೊದಿಸಿದ ಒಂದು ಗುಡ್ಲು. ಎರಡು ತಿಂಗಳ ಸೂತಕ ಕಳೆಯುವವರೆಗೆ ತಾಯಿ ಮಗು ಅಲ್ಲೇ. ಮನೆಯವರು ಊಟ ತಂದು ದೂರದಲ್ಲಿಟ್ಟು ಹೋಗುತ್ತಾರೆ. ಅವಳನ್ನಾಗಲಿ ಅವಳ ಮಡಕೆಯನ್ನಾಗಲಿ ಮುಟ್ಟುವಂತಿಲ್ಲ. ಮುಟ್ಟಿದವರೂ ಸೂತಕ ಕಳೆಯುವ ತನಕ ಹೊರಗೇ ಇರಬೇಕು. ನಾನು ಹೊರಗಿನವಳು, ನನಗೆ ಈ ಕಟ್ಟಳೆ ಇರಲಿಲ್ಲ.

ಪುಟ್ಟಕ್ಕ ತಾಯಿಯಿಲ್ಲದ ಹುಡುಗಿ, ಚೊಚ್ಚಲಿಗೆ ಹೋಗಲು ತವರು ಅಂತ ಇರಲಿಲ್ಲ. ಅವಳ ಪಥ್ಯವೆಲ್ಲ ಅತ್ತೆ ಹೊನ್ನಕ್ಕನ ಕೈಯಲ್ಲಿ. ಹೊನ್ನಕ್ಕ ಕೆಟ್ಟವಳಲ್ಲ, ಬಿಗಿ ಹೆಂಗಸು. ಎರಡು ಹೊತ್ತು ಒಂದೊಂದು ಹಿಡಿ ಅನ್ನ, ಜೊತೆಗೆ ಬೆಳ್ಳುಳ್ಳಿ ಮೆಣಸಿನ ಕಾರ. ಸೊಪ್ಪು ತಿಂದರೆ ಕೂಸಿಗೆ ಭೇದಿ, ಕಾಳು ತಿಂದರೆ ವಾಯು, ಮುದ್ದೆ ತಂಪು. ನೀರು ಕುಡಿದರಂತೂ ಕೂಸಿಗೆ ಶೀತ ಹತ್ತಿ ಉಸಿರೇ ಕಟ್ಟುತ್ತದೆ. ಹಾಗಾಗಿ ಕುಡಿಯಲು ದಿನಕ್ಕೆ ಒಂದು ಲೋಟ. ಆದರೆ ಸ್ನಾನಕ್ಕೆ ಮಾತ್ರ ಧಾರಾಳ. ಬಾಣಂತಿ ಮೈಗೆ ಬಿಸಿನೀರು ಬೀಳಬೇಕೆಂದು ದಿನವೂ ಎರಡು ಕೊಡ ನೀರು, ಒಂದು ಹೊರೆ ಸೌದೆ ತಾನೇ ಹೊತ್ತು ತಂದಿಡುತ್ತಿದ್ದಳು.

ಹದಿನಾರನೆಯ ದಿನ ನಾನು ಹೋದಾಗ ಕೂಸು ಅಳುತ್ತಿರಲಿಲ್ಲ. ಅಳುವ ಕೂಸಿಗೆ ನಾನು ಹೆದರಿದವಳಲ್ಲ, ಅಳದ ಕೂಸಿಗೆ ಹೆದರುತ್ತೇನೆ. ತೊಡೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಂತಿತು, ಮೈಯಲ್ಲಿ ನೀರೇ ಇರಲಿಲ್ಲ. ಪುಟ್ಟಕ್ಕನ ತುಟಿ ಒಡೆದಿತ್ತು.

"ಹಾಲು ಇಳೀತಿಲ್ಲ ನರ್ಸಮ್ಮ," ಅಂದಳು.

ಹೊನ್ನಕ್ಕನ ಮನೆಗೆ ಹೋಗಿ ಅರ್ಧ ಗಂಟೆ ವಾದ ಮಾಡಿದೆ. "ನೀವು ಓದಿರೋರು, ನಿಮ್ದು ನಿಮಗೆ. ನಮ್ದು ನಮಗೈತೆ ಬುಡಿ," ಅಂದು ಕುರಿಗಳ ಕಡೆ ಹೊರಟಳು. ನನಗೆ ಮೈಯೆಲ್ಲ ಉರಿಯಿತು. ಗುಡ್ಲಿಗೆ ವಾಪಸ್ಸು ಬಂದರೆ ಬಾಗಿಲಲ್ಲೇ ಎರಡು ಕೊಡ ನೀರು ಕೂತಿತ್ತು.

"ಮೈಗೆ ಹಾಕ್ಕೊಳ್ಳೋ ಮುಂಚೆ ಕುಡಿ. ಕಾಯಿಸಿ ಎಷ್ಟು ಬೇಕೋ ಅಷ್ಟು ಕುಡಿ," ಅಂದೆ.

"ನಮ್ಮತ್ತೆಗೆ ಗೊತ್ತಾದ್ರೆ?"

"ನಿನ್ನ ಮಡಕೆ ಅವರು ಮುಟ್ಟೋ ಹಂಗಿಲ್ಲ. ಒಳಗೇನಿತ್ತು ಅಂತ ಹೆಂಗೆ ಗೊತ್ತಾಗುತ್ತೆ?"

ಮುಂದಿನ ಸಲದಿಂದ ಔಷಧಿ ಚೀಲದಲ್ಲಿ ಹುರುಳಿಕಾಳು, ರಾಗಿ ಹಿಟ್ಟು ಒಯ್ದೆ. ಸೊಪ್ಪು ಅಲ್ಲೇ ಬದುವಿನಲ್ಲಿ ಬೆಳೆದಿತ್ತು. ಹಟ್ಟಿಯವರೆಲ್ಲ ಕುರಿ ಹಿಂದೆ ಹೋದ ಮೇಲೆ ಸ್ನಾನದ ನೀರು ಕಾಯಿಸುವ ಒಲೆಯಲ್ಲೇ, ಅದೇ ಮಡಕೆಯಲ್ಲೇ ಬೇಯಿಸಿಕೊಂಡಳು. ಹಾಲು ಇಳಿಯಿತು. ಸೂತಕ ಕಳೆದ ದಿನ ಕೂಸಿನ ಕುತ್ತಿಗೆ ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ಹೊನ್ನಕ್ಕ ಮೊಮ್ಮಗನನ್ನು ಹಟ್ಟಿಯ ಮನೆಮನೆಗೂ ಎತ್ತಿಕೊಂಡು ಹೋದಳು.

"ಬರೀ ಕಾರದನ್ನ, ಒಂದು ಲೋಟ ನೀರು. ನೋಡ್ರವ್ವ ನಮ್ಮುಡುಗನ್ನ," ಅನ್ನುತ್ತಿದ್ದಳು.

ಪುಟ್ಟಕ್ಕ ನನ್ನ ಮುಖ ನೋಡಿದಳು. ನಾನು ನಗು ಬಿಗಿಹಿಡಿದೆ. ಮಧುಗಿರಿ ಬಸ್ಸು ಹತ್ತಿದ ಮೇಲೆ ಒಬ್ಬಳೇ ನಕ್ಕೆ. ನನ್ನಂಥ ಜಾಣೆ ತಾಲ್ಲೂಕಿನಲ್ಲೇ ಇಲ್ಲ ಎಂಬ ಹೆಮ್ಮೆ ಇತ್ತು, ಸುಳ್ಳೇಕೆ.

ಎರಡು ವರ್ಷ ಕಳೆದು ಹೊನ್ನಕ್ಕನ ಮಗಳು ಕೆಂಪಕ್ಕ ಹೆರಿಗೆಗೆ ಬಂದಳು. ಅದೇ ಗುಡ್ಲು, ಹೆಣ್ಣು ಕೂಸು. ಹನ್ನೆರಡನೆಯ ದಿನ ನಾನು ಹೋದಾಗ ಆ ಕೂಸೂ ಅಳುತ್ತಿರಲಿಲ್ಲ.

ಹಳೇ ಉಪಾಯವನ್ನೇ ಹೇಳಿದೆ. ಕೆಂಪಕ್ಕ ನನ್ನನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದಳು.

"ನಮ್ಮವ್ವನ ಕಣ್ಣು ತಪ್ಸಿ ಕುಡೀಬೇಕಾ? ನಮ್ಮತ್ತಿಗೆ ಒಂದು ಲೋಟದಾಗೇ ಸಾಕ್ಲಿಲ್ವಾ? ಅವಳ ಕೈಲಾಗಿದ್ದು ನನ್ನ ಕೈಲಾಗಲ್ವಾ?"

ಚೊಂಬು ತುಂಬಿ ಬಾಯಿಗೆ ಹಿಡಿದೆ. ಮುಖ ತಿರುಗಿಸಿದಳು. ಕದ್ದು ಕುಡಿದ ಕತೆ ಹೇಳಿದೆ. ಅತ್ತಿಗೆ ಮೇಲೆ ಚಾಡಿ ಹೇಳುತ್ತಿದ್ದೀರ ಅಂದಳು. ಪಥ್ಯದ ಕೂಸು ಹೇಗೆ ದುಂಡಗಾಗುತ್ತದೆ ಅಂತ ಇಡೀ ಹಟ್ಟಿ ಕಣ್ಣಾರೆ ಕಂಡಿತ್ತು. ಆ ಸಾಕ್ಷಿಯನ್ನು ತಯಾರು ಮಾಡಿದವಳು ನಾನು. ನನಗೆ ನಿಜಕ್ಕೂ ಭಯವಾಯಿತು.

ಪುಟ್ಟಕ್ಕ ಕುರಿ ಕೂಡುವ ರೊಪ್ಪ ಗುಡಿಸುತ್ತಿದ್ದಳು. ಮಗ ಪಕ್ಕದಲ್ಲೇ ಹಿಕ್ಕೆ ಆರಿಸಿ ಆಡುತ್ತಿದ್ದ.

"ಕೆಂಪಕ್ಕನ ಕೂಸು ಇನ್ನೆರಡು ದಿನ ತಡೆದರೆ ಹೆಚ್ಚು. ನನ್ನ ಮಾತು ನಂಬ್ತಿಲ್ಲ. ನೀನೇ ಬಾಯಿಬಿಡಬೇಕು," ಅಂದೆ.

ಅವಳು ಪೊರಕೆ ನಿಲ್ಲಿಸಲಿಲ್ಲ. "ಹೇಳ್ಕೊಟ್ಟೋರು ನೀವು. ಸಂಜೆ ಬಸ್ಸಿಗೆ ನೀವು ಹೊಂಟೋಗ್ತೀರ. ನಾನು ಇದೇ ಮನೇಲಿ ಬಾಳ್ಬೇಕು ಕಣಮ್ಮ."

ಸರಿಯಾದ ಮಾತು. ನನಗೆ ನಾಚಿಕೆಯಾಯಿತು. ಅವಳು ರೊಪ್ಪ ಪೂರ್ತಿ ಗುಡಿಸಿ, ಕೈ ತೊಳೆದು, ಮಗನನ್ನು ಸೊಂಟಕ್ಕೇರಿಸಿಕೊಂಡು ಗುಡ್ಲಿನ ಕಡೆ ನಡೆದಳು. ನಾನೂ ಹಿಂದೆ ಹೋದೆ. ಅಲ್ಲಿ ಹೊನ್ನಕ್ಕ ಮಗಳಿಗೆ ಅನ್ನದ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು.

"ಅತ್ತೆ, ನಾನು ಬಾಣಂತೀಲಿ ನೀರು ಕುಡೀತಿದ್ದೆ," ಅಂದಳು ಪುಟ್ಟಕ್ಕ. "ನೀವು ಸ್ನಾನಕ್ಕೆ ಹೊತ್ತಾಕ್ತಿದ್ರಲ್ಲ, ಅದೇ ನೀರು. ಸೊಪ್ಪೂ ತಿಂದೆ, ಹುರುಳೀನೂ ತಿಂದೆ. ದಿನಾ ತಿಂದೆ. ಇವನು ಬದುಕಿದ್ದು ಅದ್ರಿಂದ್ಲೇ."

ನನ್ನ ಹೆಸರೆತ್ತಲಿಲ್ಲ. "ಕಲಿಸಿದ್ದು ನಾನು," ಅಂತ ನಾನೇ ಹೇಳಿದೆ.

ಹೊನ್ನಕ್ಕ ಕೂಗಾಡಲಿಲ್ಲ. ಇದ್ದಲ್ಲೇ ಕುಕ್ಕರಿಸಿದಳು. ಮೊಮ್ಮಗನನ್ನು ಬಹಳ ಹೊತ್ತು ನೋಡಿದಳು.

"ಕೆಂಪಕ್ಕನ್ಗಿಂತ ಮುಂಚೆ ನಂಗೆ ಎರಡು ಹುಟ್ಟಿದ್ವು ನರ್ಸಮ್ಮ," ಅಂದಳು. "ಇದೇ ಗುಡ್ಲಾಗೆ. ಎರಡಕ್ಕೂ ತಿಂಗಳು ತುಂಬ್ಲಿಲ್ಲ. ಕದ್ದು ನೀರು ಕುಡ್ದು ಕೂಸು ಕೊಂದೆ ಅಂದ್ರು ನಮ್ಮತ್ತೆ. ಅವರು ಸಾಯೋಗಂಟ ಅಂದ್ರು."

ಗುಡ್ಲಿನ ಕಡೆ ತಿರುಗಿ, "ನಾನು ಕುಡ್ದಿರ್ಲಿಲ್ಲ," ಅಂದಳು.

ಆಮೇಲೆ ಎದ್ದು ನೇರ ಗುಡ್ಲಿನೊಳಗೆ ಹೋಗಿ, ಮಗಳ ಕತ್ತಿನ ಹಿಂದೆ ಕೈ ಕೊಟ್ಟು, ಚೊಂಬನ್ನು ಅವಳ ತುಟಿಗೆ ಇಟ್ಟಳು. ಕೆಂಪಕ್ಕ ತಾಯಿಯ ಮುಖ ನೋಡುತ್ತಾ ಕುಡಿದಳು. ಮುಟ್ಟಿದ್ದರಿಂದ ಹೊನ್ನಕ್ಕನೂ ಸೂತಕದವಳಾಗಿ ಅಲ್ಲೇ ಉಳಿದಳು. ಇಬ್ಬರಿಗೂ ಮುದ್ದೆ, ಸೊಪ್ಪಿನ ಸಾರು ಪುಟ್ಟಕ್ಕ ತಂದಿಡತೊಡಗಿದಳು.

ಅದಾದ ನಾಲ್ಕನೆಯ ದಿನ ನಾನು ಹೋದಾಗ ಕೂಸಿನ ಅಳು ಬದುವಿನ ತನಕ ಕೇಳಿಸುತ್ತಿತ್ತು. ಹೊನ್ನಕ್ಕ ಒಲೆ ಮುಂದೆ ಕೂತಿದ್ದಳು.

"ಆವಾಗ ನಾನು ದಿನಕ್ಕೆ ಎಷ್ಟು ಕುಡಿದಿದ್ರೆ ಸಾಕಾಗಿತ್ತು ನರ್ಸಮ್ಮ?" ಅಂತ ಕೇಳಿದಳು.

"ಮೂರು ನಾಲ್ಕು ಚೊಂಬು," ಅಂದೆ.

"ಅಷ್ಟೇನಾ," ಅಂದು, ಕಾದ ನೀರನ್ನು ಮಗಳಿಗೆಂದು ಆರಿಸತೊಡಗಿದಳು.