ಶಿರಾ ಟಿವಿಯ ಮೂರನೆಯ ಅಕ್ಷರ

"ಇದನ್ನ ಯಾವ ಕಡೆ ಬರೀಲಿ ಸ್ವಾಮೀ?"

ವಿಶ್ವನಾಥ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವನನ್ನು ಬಿಟ್ಟರೆ ಇದ್ದದ್ದು ಆರು ಟಿವಿ ಪರದೆ, ಆರಿಹೋದ ಕಾಫಿ, ತೆರೆದಿಟ್ಟ ಲಾಗ್ ಪುಸ್ತಕ. ಪುಸ್ತಕದಲ್ಲಿ ಎರಡೇ ಅಂಕಣ. ಒಂದು ಅರಬ್ಬಿಗೆ, ಅಲ್ಲಿ ಎ ಬರೆಯಬೇಕು; ಇನ್ನೊಂದು ಫ್ರೆಂಚಿಗೆ, ಅಲ್ಲಿ ಎಫ್.

ಸ್ಕಾರ್‌ಬರೋದ ಒಂದು ಅಂಗಡಿಸಾಲಿನಲ್ಲಿ, ಕಾರ್ಪೆಟ್ ಮಾರುವವನ ತಲೆಯ ಮೇಲಿನ ಮಹಡಿಯಲ್ಲಿತ್ತು ಶಿರಾ ಟಿವಿ. ಬೇರೂತಿನಿಂದ ಬಂದ ಎಲಿಯಾಸ್ ಎಂಬಾತ ತೊಂಬತ್ತನಾಲ್ಕರಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡು ಶುರುಮಾಡಿದ್ದು. ಸಂಜೆ ಅರ್ಧ ಗಂಟೆ ಅರಬ್ಬಿಯಲ್ಲಿ ಸುದ್ದಿ, ಬೆನ್ನಿಗೇ ಅರ್ಧ ಗಂಟೆ ಫ್ರೆಂಚಿನಲ್ಲಿ. ಎರಡೂ ಸಮಪಾಲು ಇರಬೇಕು ಎಂಬ ಷರತ್ತಿನ ಮೇಲೆಯೇ ಲೈಸೆನ್ಸು ಸಿಕ್ಕಿತ್ತು. ಶಿರಾ ಎಂದರೆ ಅರಬ್ಬಿಯಲ್ಲಿ ಹಡಗಿನ ಹಾಯಿಯಂತೆ. ಕನ್ನಡ ಸಂಘದವರಿಗೆ ಅದೆಲ್ಲ ಯಾಕೆ ಬೇಕು? "ಏನಪ್ಪಾ, ಇನ್ನೂ ಶಿರಾದಲ್ಲೇ ಇದ್ದೀಯಾ? ತುಮಕೂರಿಗೆ ಟ್ರಾನ್ಸ್‌ಫರ್ ಆಗ್ಲೇ ಇಲ್ವಾ?" ಎಂದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಪ್ಪದೆ ಕಿಚಾಯಿಸುತ್ತಿದ್ದರು.

ಮೈಸೂರಿನ ಎಂಜಿನಿಯರ್ ವಿಶ್ವನಾಥ ತೊಂಬತ್ತಾರರ ಚಳಿಗಾಲದಲ್ಲಿ, ಬೇರೆ ಕೆಲಸ ಸಿಗುವ ತನಕ ಎಂದುಕೊಂಡು ಇಲ್ಲಿಗೆ ಸೇರಿದ್ದ. ಪ್ರಸಾರ ಕೆಡದಂತೆ ಕಾಯುವುದು, ಯಾವ ಭಾಷೆ ಎಷ್ಟು ನಿಮಿಷ ಎಂದು ಬರೆದು ಸಹಿ ಹಾಕುವುದು, ಇಷ್ಟೇ ಕೆಲಸ. ಎರಡು ಭಾಷೆಯೂ ಬಾರದು. ಆದರೆ ಕಿವಿಯಿತ್ತು. ಚಿಕ್ಕವನಿದ್ದಾಗ ಅವನ ತಾತ ದೀಪ ಹಚ್ಚಿದ ಮೇಲೆ ಷಟ್ಪದಿ ಓದುತ್ತಿದ್ದರು. ಒಂದು ಪದ್ಯ ಮುಗಿದೊಡನೆ ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅರ್ಥಕ್ಕೆ ಮೊದಲೇ ಪದ್ಯದ ಉಸಿರು ಎಲ್ಲಿ ತಡೆಯುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಹುಡುಗನಿಗೆ ತಿಳಿಯುತ್ತಿತ್ತು. ಹಾಗಾಗಿ ಶಿರಾದಲ್ಲಿ ಮೊದಲ ನಾಲ್ಕು ತಿಂಗಳು ಅವನು ಅರಬ್ಬಿಯವರು ಓದುವುದು ಮೂಲ, ಫ್ರೆಂಚಿನವರು ಹೇಳುವುದು ಅದರ ವ್ಯಾಖ್ಯಾನ ಎಂದೇ ತಿಳಿದಿದ್ದ. ಸುದ್ದಿ ಓದುವ ಮುದುಕ ಗಂಟಲು ತುಂಬಿ ಓದಿದಾಗ ಕೈಮುಗಿದದ್ದೂ ಉಂಟು. ವಿಷಯ ಗೊತ್ತಾದ ದಿನ ಎಲಿಯಾಸ್ ಕಣ್ಣೀರು ಬರುವಷ್ಟು ನಕ್ಕ. "ಅಯ್ಯೋ ಪುಣ್ಯಾತ್ಮ, ಅವನು ಓದಿದ್ದು ಗೋಧಿ ರೇಟು!"

ಶುಕ್ರವಾರ ಸಂಜೆಯಿಂದ ಬೇರೆಯವರ ಪಾಳಿ. ಶನಿವಾರ ಮಧ್ಯಾಹ್ನ ಮತ್ತೆ ಇವನದು. ಎರಡು ಸಾವಿರದ ಮೂರರಲ್ಲಿ ಆ ಶನಿವಾರಕ್ಕೆ, ಒಂದು ಗಂಟೆಯ ಹೊಸ ಕಾರ್ಯಕ್ರಮ ನಡೆಸಲು, ಲಮಿಯಾ ಬಂದಳು. ಅಲ್ಜೀರ್ಸಿನವಳು, ಮಾತಿನ ಮಲ್ಲಿ. ವಾರದ ಸುದ್ದಿಯ ಮೇಲೆ ಜನ ಫೋನ್ ಮಾಡುವರು, ಇವಳು ಹರಟುವಳು. ಅರಬ್ಬಿಯಲ್ಲಿ ಎತ್ತಿಕೊಂಡ ವಾಕ್ಯ ಫ್ರೆಂಚಿನಲ್ಲಿ ಇಳಿಯುವುದು, ಫ್ರೆಂಚ್ ಪದಕ್ಕೆ ಅರಬ್ಬಿ ಬಾಲ. ವಿಶ್ವನಾಥನ ಕಿವಿ ಸೋತುಹೋಯಿತು. ಸೋತರೂ ಆ ಒಂದು ಗಂಟೆಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಪ್ರತಿ ಪುಟದ ತಲೆಗೆ ಚಿಕ್ಕದಾಗಿ ಶ್ರೀ ಬರೆಯುವ ಅಭ್ಯಾಸವಿದ್ದ ಕೈ, ತಿಳಿಯದ ಜಾಗದಲ್ಲಿ ತಾನೇ ಒಂದು ಅಕ್ಷರ ಬರೆಯಿತು. ಕ. ಕಲಸನ್ನದ ಕ. ಎರಡು ಅಂಕಣಗಳ ನಡುವಿನ ಗೆರೆಯ ಮೇಲೆ, ಮೂರು ವರ್ಷ, ಪ್ರತಿ ಶನಿವಾರ.

ಲೈಸೆನ್ಸಿನ ನವೀಕರಣ ಬಂದಾಗ ಎಲಿಯಾಸ್ ಪುಸ್ತಕ ತೆರೆದ. "ಈ ಹೂವು ಏನು?"

ವಿಶ್ವನಾಥ ಹೇಳಿದ.

ಎಲಿಯಾಸ್ ನಗಲಿಲ್ಲ. "ಕೇಳು. ಶನಿವಾರದ ಗಂಟೆ ಫ್ರೆಂಚ್ ಅಂದರೆ, ಶುಕ್ರವಾರ ರಾತ್ರಿಯ ಅರಬ್ಬಿ ಗಂಟೆಗೆ ಸಮನಾಗಿ ಲೆಕ್ಕ ಸರಿಹೋಗುತ್ತೆ. ಅಲ್ಲ ಅಂದರೆ ಫ್ರೆಂಚ್ ಕಮ್ಮಿ ಬೀಳುತ್ತೆ. ಆಗ ಲಮಿಯಾನ ನಿಲ್ಲಿಸಿ, ಆ ಗಂಟೆಗೆ ಮಾಂಟ್ರಿಯಲ್‌ನಿಂದ ಅಚ್ಚ ಫ್ರೆಂಚ್ ಕಾರ್ಯಕ್ರಮ ತರಬೇಕು. ಕೂತು ಪ್ರಸಾರ ಕೇಳಿದವನು ನೀನು. ಬರೆಯೋ ಕೈ, ಸಹಿ ಎರಡೂ ನಿನ್ನದೇ ಆಗಿರಬೇಕು. ಸೋಮವಾರದೊಳಗೆ ಮುಗಿಸು."

ಮನೆಗೆ ಬಂದು ಹೆಂಡತಿ ಪ್ರಫುಲ್ಲಾಗೆ ಹೇಳಿದರೆ, ಅವಳಿಗೆ ಇದೊಂದು ಸಮಸ್ಯೆ ಅಂತಲೇ ಅನಿಸಲಿಲ್ಲ. "ಎಫ್ ಅಂತ ಬರೆದ್ರೆ ನಿಮ್ಮ ಕೈ ಸವೆಯುತ್ತಾ? ಪಾಪ, ಆ ಹುಡುಗಿ ಪ್ರೋಗ್ರಾಮ್ ಉಳಿಯುತ್ತಲ್ರೀ."

"ಅದು ಫ್ರೆಂಚೋ ಅಲ್ವೋ ಗೊತ್ತಿಲ್ಲ ಕಣೆ."

"ಅಪ್ಪಾ, ಜಸ್ಟ್ ಪುಟ್ ಬೋತ್," ಎಂದಳು ಮಗಳು ಮಹಿಮಾ, ಹೋಮ್‌ವರ್ಕಿನಿಂದ ತಲೆಯೆತ್ತದೆ.

"ಬೋತ್ ಅನ್ನೋ ಕಾಲಂ ಇಲ್ವಲ್ಲ ಪುಟ್ಟಿ."

"ದೆನ್ ದ ಫಾರ್ಮ್ ಈಸ್ ಡಂಬ್."

"ಸರಿ, ಊಟಕ್ಕೇಳಿ," ಪ್ರಫುಲ್ಲಾ ಎಂದಳು. "ಫ್ರಿಜ್ಜಲ್ಲಿ ಹುಳಿ ಇದೆ, ಮೈಕ್ರೋವೇವ್ ಮಾಡ್ಕೊಳ್ಳಿ. ನಾನು ಆಲ್ರೆಡಿ ಲೇಟು, ಸಂಘದ ಪಾರ್ವತೆವ್ವನ್ನ ಪಿಕ್ ಮಾಡ್ಬೇಕು."

ವಿಶ್ವನಾಥನ ಬೆರಳು ಊಟದ ಮೇಜಿನ ಮೇಲೆ ತನ್ನಷ್ಟಕ್ಕೆ ಕ ಬರೆಯಿತು.

ಭಾನುವಾರ ಕಚೇರಿಗೆ ಹೋಗಿ ಹಳೆಯ ಟೇಪುಗಳನ್ನು ಹಾಕಿಕೊಂಡು ಕೂತ. ಮೊದಲ ಸಲ ಕೇಳಿದಾಗ ಫ್ರೆಂಚೇ ಎನಿಸಿತು. ಅದೇ ಟೇಪು ಇನ್ನೊಮ್ಮೆ ಕೇಳಿದರೆ ಅರಬ್ಬಿ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದ. ಕ್ಷಣಕಾಲ ಯಾರೋ ಕನ್ನಡದಲ್ಲೇ ಜಗಳವಾಡಿದ ಹಾಗಾಯಿತು. ದೇವರೇ, ಕೊಟ್ಟ ಕಿವಿಯನ್ನು ಇಷ್ಟು ಬೇಗ ವಾಪಸು ತಗೊಂಡೆಯಾ ಎಂದು ಹಣೆ ಒತ್ತಿಕೊಂಡ.

ಅಷ್ಟರಲ್ಲಿ ಲಮಿಯಾ ಬಂದಳು. ಎಲಿಯಾಸ್ ಹೇಳಿದ್ದನಂತೆ. ಕೋಟು ಬಿಚ್ಚದೆ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರ ನಡುವೆ ಇದ್ದದ್ದು ಇಂಗ್ಲಿಷೊಂದೇ.

"ಖೂಯಾ," ಎಂದಳು. ಅವಳ ಊರಿನ ಮಾತಿನಲ್ಲಿ ಹಾಗೆಂದರೆ ಅಣ್ಣಾ. "ನನ್ನ ಮೂರು ವರ್ಷ ನಿನ್ನ ಪೆನ್ನಿನ ತುದೀಲಿದೆ."

"ಒಳ್ಳೆಯದಾಯ್ತು ಬಂದದ್ದು. ನೀನೇ ಹೇಳಮ್ಮ. ಇದೇನು, ಫ್ರೆಂಚಾ?" ಅವನು ಟೇಪು ಹಾಕಿದ.

ತನ್ನದೇ ದನಿಯನ್ನು ಅವಳು ತಲೆ ಓರೆಮಾಡಿ ಕೇಳಿದಳು. ನಕ್ಕಳು. "ಪ್ಯಾರಿಸ್ಸಿನವರು ಕೇಳಿದರೆ ಮೂರ್ಛೆ ಹೋಗ್ತಾರೆ."

"ಹಾಗಾದರೆ ಅರಬ್ಬಿ?"

"ಸುದ್ದಿ ಓದೋ ಮುದುಕಪ್ಪನ್ನ ಕೇಳು. ಇದು ಅರಬ್ಬಿ ಅಂದರೆ ನಿನಗೆ ಕೋಲಲ್ಲಿ ಹೊಡೀತಾನೆ."

"ಮತ್ತೆ ಏನಿದು?"

"ಅಮ್ಮನ ಹತ್ರ ಹೀಗೇ ಮಾತಾಡೋದು. ಏನು ಅಂತ ಯಾರೂ ಕೇಳಿರಲಿಲ್ಲ." ಅವಳ ನಗು ನಿಂತಿತು. "ಅದೆಲ್ಲ ಬಿಡು ಖೂಯಾ. ಫ್ರೆಂಚ್ ಅಂತ ಬರಿ. ಯಾರು ಕೂತು ಕೇಳ್ತಾರೆ? ನೂರೈವತ್ತು ಸಲ ಒಂದೊಂದು ಎಫ್. ನಿನ್ನ ಕೈ ಮುಗೀತೀನಿ."

ಎಂದವಳು ನಿಜವಾಗಿಯೂ ಕೈಮುಗಿದಳು. ಅವನು ಷಿಫ್ಟಿನ ಮೊದಲು ಮಾಡುವುದನ್ನು ನೋಡಿ ಕಲಿತಿರಬೇಕು, ಹೆಬ್ಬೆರಳು ಎದೆಗೆ ತಾಗುವ ಹಾಗೆ.

ವಿಶ್ವನಾಥ ಪೆನ್ನು ಎತ್ತಿಕೊಂಡ. ಬರೆಯದಿದ್ದರೆ ಮುಂದಿನ ತಿಂಗಳಿಂದ ಈ ದನಿ ಇಲ್ಲ, ತನ್ನ ಶನಿವಾರವೂ ಇಲ್ಲ. ಬರೆದರೆ ಯಾರಿಗೆ ನಷ್ಟ? ಹುಡುಕಿದ, ಒಬ್ಬರೂ ಹೊಳೆಯಲಿಲ್ಲ. ತಪ್ಪು ಎನ್ನುವುದಕ್ಕೆ ಕಾರಣ ಸಿಗಲಿಲ್ಲ, ಸರಿ ಎನ್ನುವುದಕ್ಕೂ ಸಿಗಲಿಲ್ಲ. ಮೊದಲ ಕ ಮೇಲೆ ಪೆನ್ನಿನ ಮೊನೆ ಇಟ್ಟ. ಕೈ ಕದಲಲಿಲ್ಲ. ಅವಳ ಮುಖ ನೋಡಿದ, ಪುಸ್ತಕ ನೋಡಿದ, ಮತ್ತೆ ಅವಳ ಮುಖ ನೋಡಿದ.

"ಇಲ್ಲ ಲಮಿಯಾ," ಎಂದ. "ನಾನು ಬರೆಯೋದಿಲ್ಲ."