ಗಫಾರ ಮಿಸ್ತ್ರಿಗಳ ಒಂದು ಸುತ್ತು

ಮುದಲಗಿಯ ಎರೆಮಣ್ಣಿನ ಬೀದಿಯಲ್ಲಿ ಗಫಾರ ಮಿಸ್ತ್ರಿಗಳು ನಡೆದು ಬರುವುದನ್ನು ಮೊದಲ ಸಲ ಕಂಡವರಿಗೆ, ಈ ಮನುಷ್ಯನ ಕಾಲಡಿಯ ನೆಲ ಅಲುಗಾಡುತ್ತಿದೆಯೇನೋ ಎಂಬ ಸಂದೇಹ ಬರುತ್ತಿತ್ತು. ಕಾಲುಗಳನ್ನು ಅಗಲವಾಗಿ ಊರಿ, ಮೊಣಕಾಲನ್ನು ತುಸು ಬಗ್ಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈಯ ಭಾರವನ್ನು ಸರಿದೂಗಿಸಿಕೊಳ್ಳುತ್ತ ಬರುತ್ತಿದ್ದರು. ಪರಸ್ಥಳದವರು ಇವರು ಕುಡಿದಿದ್ದಾರೆಂದು ತಿಳಿಯುತ್ತಿದ್ದರು. ಊರಿನವರು ‘ಬಸ್ರಾ ಬಂತು’ ಎಂದು ನಗುತ್ತಿದ್ದರು. ಐದು ಹೊತ್ತಿನ ನಮಾಜು ತಪ್ಪಿಸದ ಮಿಸ್ತ್ರಿಗಳು ಅದೇ ನಡಿಗೆಯಲ್ಲಿ ಮುಂದೆ ಸಾಗುತ್ತಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫಿಟ್ಟರ್ ಆಗಿ ಅರಬರ ಸೀಮೆಯ ಬಸ್ರಾ ಬಂದರಿಗೆ ಹೋಗಿ, ನಾಲ್ಕು ವರ್ಷ ಅಲ್ಲಿಯ ನದಿಯ ಮೇಲೆ ಇಂಜಿನ್ನಿನ ದೋಣಿಗಳನ್ನು ರಿಪೇರಿ ಮಾಡಿ, ಒಂದು ಖಾಕಿ ಕೋಟು, ಹಿತ್ತಾಳೆಯ ಚಿಲಕವಿದ್ದ ಒಂದು ತಗಡಿನ ಟ್ರಂಕು ಮತ್ತು ಈ ನಡಿಗೆಯನ್ನು ಹೊತ್ತು ಮರಳಿದ್ದರು. ನೀರು ಕುಡಿಯಲು ಬಾವಿಗಿಳಿಯಬೇಕಾದ ಊರಿನಲ್ಲಿ ದೋಣಿಯ ವಿದ್ಯೆಗೆ ಏನು ಕೆಲಸ? ಎಣ್ಣೆಯ ಇಂಜಿನ್ನು, ಹೊಲಿಗೆಯ ಮಶೀನು, ಮಾಮಲೇದಾರರ ಸೈಕಲ್ಲು ಇವುಗಳನ್ನು ರಿಪೇರಿ ಮಾಡುತ್ತ ಇಪ್ಪತ್ತು ವರ್ಷ ಕಳೆದರು. ಕೋಟು ಮಾತ್ರ ವೈಶಾಖದ ಬಿಸಿಲಿನಲ್ಲೂ ಮೈಮೇಲಿಂದ ಇಳಿಯಲಿಲ್ಲ.

ಹುಟ್ಟು ಹಾಕದೆ, ಹಗ್ಗ ಎಳೆಯದೆ, ಹೊಳೆಗೆ ಎದುರಾಗಿ ಓಡುವ ದೋಣಿಯ ಕಥೆಯನ್ನು ಚಾವಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವಳು ಹೆಂಡತಿ ರೋಶನಬಿ ಒಬ್ಬಳೇ. ಆಕೆ ಸಂಕೇಶ್ವರದವಳು, ಹಿರಣ್ಯಕೇಶಿಯ ದಂಡೆಯಲ್ಲಿ ಬೆಳೆದವಳು. ನಿಕಾಹ್ ಆಗಿ ಎರಡನೆಯ ತಿಂಗಳಿಗೆ ಗಂಡ ಬಸ್ರಾಕ್ಕೆ ಹೋದಾಗ, ನಾಲ್ಕು ವರ್ಷ ಆ ಹೊಳೆಯ ಮೆಟ್ಟಿಲಿನ ಮೇಲೆ ಬಟ್ಟೆ ಒಗೆಯುತ್ತ ಕಾಯ್ದವಳು. ಮರಳಿ ಬಂದವರನ್ನು ಆಕೆ ಕೇಳಿದ್ದು ಒಂದೇ: ಆ ದೋಣಿಯಲ್ಲಿ ನನ್ನನ್ನು ಯಾವಾಗ ಕೂಡಿಸುತ್ತೀರಿ? ಮಕ್ಕಳಿಲ್ಲದ ಆ ಮನೆಯಲ್ಲಿ ಈ ಪ್ರಶ್ನೆ ಪ್ರತಿ ಮಳೆಗಾಲಕ್ಕೊಮ್ಮೆ ತಪ್ಪದೆ ಏಳುತ್ತಿತ್ತು, ಮತ್ತು ಪ್ರತಿ ಸಲವೂ ಮಿಸ್ತ್ರಿಗಳು ‘ತಡಿ, ಅದಕ್ಕೂ ವ್ಯಾಳ್ಯಾ ಬೇಕ’ ಎನ್ನುತ್ತಿದ್ದರಂತೆ. ಕೆಲಸ ಕೊಟ್ಟು ಅವಸರ ಮಾಡುವ ಗಿರಾಕಿಗಳಿಗೂ ಅವರದು ಅದೇ ಮಾತು.

ಆ ವೇಳೆ ಬಂದೇಬಿಟ್ಟಿತು ಎಂದು ನಾವೆಲ್ಲ ತಿಳಿದದ್ದು ೧೯೩೮ರ ಚಳಿಗಾಲದಲ್ಲಿ. ಧೂಪದಾಳದ ಒಡ್ಡಿನ ಹಿನ್ನೀರನ್ನು ಅಳೆಯಲು ಒಬ್ಬ ಸಾಹೇಬರು ಬಂದಿದ್ದರು. ಮುದಲಗಿಯವನೇ ಆದ ನಾನು ಅವರ ಕಾರಕೂನ. ಅವರ ದೋಣಿಯ ಹಿಂಬದಿಗೆ ತಗುಲಿಸುವ ಸಣ್ಣ ಇಂಜಿನ್ನೊಂದಿತ್ತು. ಅದರ ಬುಡದಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಮೂರೆಲೆಯ ಪಂಖ. ಪಂಖವನ್ನು ದಂಡಕ್ಕೆ ಹಿಡಿದಿಡುವುದು ಬೆರಳುದ್ದದ ಹಿತ್ತಾಳೆಯ ಕೀಲು. ದೋಣಿ ನೋಡಿಕೊಳ್ಳುತ್ತಿದ್ದ ಮಾಲಿಂಗಪ್ಪ ಹುಟ್ಟಾ ಗಾಡಿ ಹೊಡೆಯುವವನು. ಒಂದು ದಿನ ಪಂಖ ಕಲ್ಲಿಗೆ ಬಡಿದು ಆ ಕೀಲು ತುಂಡಾಯಿತು. ಇಷ್ಟು ಮೆತ್ತಗಿನ ಕೀಲು ಮಾಡಿದ ವಿಲಾಯತಿಯವರ ಬುದ್ಧಿಗೆ ಮರುಗಿದ ಮಾಲಿಂಗಪ್ಪ, ಸಾಹೇಬರು ಬೆಳಗಾವಿಗೆ ಹೋದ ವೇಳೆ ನೋಡಿ, ಗಾಡಿಯ ಗಾಲಿ ಕಳಚದಂತೆ ತಡೆಯುವ ಕಡಾಣಿಯಿಂದಲೇ ಗಟ್ಟಿ ಕಬ್ಬಿಣದ ಕೀಲು ಬಡಿಸಿ ತಂದು ಹಾಕಿದ. ಮೇಲೆ ಅಚ್ಚಿಗೆ ಹಾಕುವ, ಔಡಲೆಣ್ಣೆಗೆ ಮಸಿ ಕಲಸಿದ ಕೀಲೆಣ್ಣೆಯನ್ನೂ ಧಾರಾಳವಾಗಿ ಮೆತ್ತಿದ. ಮರುವಾರ ಪಂಖ ಜಾಲಿಯ ಬೊಡ್ಡೆಗೆ ಬಡಿದಾಗ ಕೀಲು ಮುರಿಯಲಿಲ್ಲ. ಒಳಗೇ ಬಾಗಿ ಕಚ್ಚಿಕೊಂಡಿತು. ಔಡಲೆಣ್ಣೆ, ಮಸಿ, ಹೊಳೆಯ ರಾಡಿ ಮೂರೂ ಕೂಡಿ ಅರಗಿನಂತೆ ಬಿಗಿದವು. ನಾಲ್ವರು ಸುತ್ತಿಗೆ ಹಿಡಿದು ಬೆವರಿದರು, ಒಂದು ಎಲೆಯ ಅಂಚು ಮಡಿಚಿತೇ ಹೊರತು ಪಂಖ ಕದಲಲಿಲ್ಲ.

ಮಿಸ್ತ್ರಿಗಳನ್ನು ಕರೆಸಿದವನು ನಾನು. ಸೋಮವಾರ ಬಂದವರು ದಂಡೆಯ ಮೇಲಿದ್ದ ಇಂಜಿನ್ನನ್ನು ಕಂಡು, ದೂರದಲ್ಲೇ ನಿಂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಆಮೇಲೆ ಹತ್ತಿರ ಕುಳಿತು ಪಂಖದ ಮೇಲೆ ಅಂಗೈಯಿಟ್ಟು ಮೂರೂ ಎಲೆಗಳನ್ನು ತಡವಿ ನೋಡಿದರು. ಪಗಾರದ ಮಾತೆತ್ತಿದಾಗ ತಲೆಯಲ್ಲಾಡಿಸಿ, ಪಂಖ ಬಿಚ್ಚಿಕೊಟ್ಟರೆ ಹಿನ್ನೀರಿನ ಮೇಲೆ ಒಂದು ಸುತ್ತು ತಾವೇ ದೋಣಿ ನಡೆಸಬೇಕೆಂದು ಕೇಳಿದರು. ಸಾಹೇಬರು ನಕ್ಕು ಒಪ್ಪಿದರು.

ಕಬ್ಬಿಣಕ್ಕೆ ಕಬ್ಬಿಣದಿಂದ ಹೊಡೆಯುವುದು ಅವರ ಜಾಯಮಾನವಲ್ಲ. ದಿನಕ್ಕೆ ಐದು ಸಲ ಚಿಮಣಿ ಎಣ್ಣೆ ಉಣ್ಣಿಸಿದರು. ಕುದಿಯುವ ನೀರಿನಲ್ಲಿ ಅದ್ದಿದ ಗೋಣಿತಟ್ಟನ್ನು, ಬಾಣಂತಿಯ ಸೊಂಟಕ್ಕೆ ಕಾವು ಕೊಡುವಂತೆ, ಸುತ್ತಿ ಸುತ್ತಿ ಬಿಚ್ಚಿದರು. ಪಂಖದ ಹಿಂದೆ ಎರಡೂ ಬದಿಗೆ ಜಾಲಿಯ ಬೆಣೆ ಕೊಟ್ಟು, ಮರದ ಕೊಡತಿಯಿಂದ ಬಾಗಿಲು ತಟ್ಟಿದಷ್ಟೇ ಮೆಲ್ಲಗೆ ತಟ್ಟಿದರು. ಬುಧವಾರದ ಹೊತ್ತಿಗೆ ಸಾಹೇಬರ ತಾಳ್ಮೆ ಮುಗಿದಿತ್ತು. ಮಿಸ್ತ್ರಿಗಳದು ಆಗಷ್ಟೇ ಸುರುವಾದಂತಿತ್ತು. ಗುರುವಾರ ಬೆಳಿಗ್ಗೆ ಪಂಖವನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಒಳಗಿನ ಬಿಗಿ ಸಡಲಿತು. ಸಪೂರ ಸಲಾಕೆಯಿಂದ ತಟ್ಟಿದೊಡನೆ ಬಾಗಿದ ಕೀಲು ಇಷ್ಟಿಷ್ಟೇ ಹೊರಗೆ ಜಾರಿ ಅಂಗೈಗೆ ಬಿತ್ತು. ಹಿಂದೆಯೇ ಪಂಖ ಬಂತು. ಮಾಲಿಂಗಪ್ಪ ತಲೆತಗ್ಗಿಸಿ ನಿಂತಿದ್ದ. ಮಿಸ್ತ್ರಿಗಳು ಅವನಿಗೆ ಕೀಲು ತೋರಿಸಿ ಹೇಳಿದರು:

“ಇದು ಮುರೀಲಿ ಅಂತನ ಮೆತ್ತಗ ಮಾಡಿರ್ತಾರಪಾ. ಇದು ಮುರದ್ರ ಇಂಜಿನ್ ಉಳೀತೈತಿ.”

ಹೊಸ ಕೀಲಿಗೆ ಹಿತ್ತಾಳೆ ಎಲ್ಲಿಂದ ತರುವುದೆಂದು ನಾನು ಯೋಚಿಸುತ್ತಿದ್ದರೆ, ಅವರು ಕೋಟಿನ ಜೇಬಿನಿಂದ ಬಸ್ರಾ ಟ್ರಂಕಿನ ಚಿಲಕವನ್ನೇ ತೆಗೆದರು. ಕೀಲು ಕೆಟ್ಟ ಸುದ್ದಿ ಕೇಳಿ, ಮನೆಯಿಂದ ಹೊರಡುವಾಗಲೇ ಕಿತ್ತು ತಂದಿದ್ದರು. ಅರದಿಂದ ಉಜ್ಜಿ ಕೀಲು ಮಾಡಿ, ಪಂಖ ಕೂಡಿಸಿ, ಇಂಜಿನ್ನು ಗುಡುಗಿದಾಗ ಅವರ ಮುಖ ನೋಡಬೇಕಿತ್ತು. ಸಾಹೇಬರು, ಹೂಂ, ಹೊರಡು, ನಿನ್ನ ಸುತ್ತು ಹೊಡೆದು ಬಾ, ಎಂದರು.

ಮಿಸ್ತ್ರಿಗಳು ದೋಣಿಗೆ ಹತ್ತಿ ಹಿಡಿಕೆಗೆ ಕೈಯಿಟ್ಟರು. ಆಗ ಆ ಅಗಲಗಾಲಿನ ನಿಲುವು ಎಷ್ಟು ಸಹಜವಾಗಿ ಕಂಡಿತೆಂದರೆ, ಇಪ್ಪತ್ತು ವರ್ಷ ನಕ್ಕ ಊರಿನ ಪರವಾಗಿ ನನಗೆ ನಾಚಿಕೆಯಾಯಿತು. ಆದರೆ ಅವರು ಇಂಜಿನ್ನು ನಿಲ್ಲಿಸಿ ಕೆಳಗಿಳಿದರು.

“ಸಾಹೇಬ್ರ, ಒಬ್ಬನ ಹೋಗಾಕ ಮನಸ್ಸಾಗವಲ್ದ್ರಿ. ನಾಳೆ ಮುಂಜಾನೆ ಮನಿಯವರನ್ನ ಕರ್ಕೊಂಡ ಬರ್ತೇನ್ರಿ.”

ಸಾಹೇಬರು ಮರುದಿನ ಮಧ್ಯಾಹ್ನ ಊರು ಬಿಡುವವರಿದ್ದರು, ಆಗಲಿ ಎಂದರು. ಮಿಸ್ತ್ರಿಗಳು ಮುದಲಗಿಯ ದಾರಿ ಹಿಡಿದರು. ಸಂಜೆಗೆ ತಂತಿ ಬಂತು: ಸಾಹೇಬರು ನಾಳೆ ಹನ್ನೆರಡಕ್ಕೇ ಬೆಳಗಾವಿಯಲ್ಲಿರಬೇಕು. ಬೆಳಿಗ್ಗೆ ಏಳಕ್ಕೆ ದೋಣಿಯನ್ನು ಲಾರಿಗೆ ಏರಿಸಿದೆವು. ಹೊರಡುವ ಮುನ್ನ ಸಾಹೇಬರು ನನ್ನತ್ತ ತಿರುಗಿ, ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದರು. ಎರಡು ತಾಸು ತಡೆಯಿರಿ ಎನ್ನಬಹುದಿತ್ತು. ಅವರು ಕೆಟ್ಟವರಲ್ಲ, ತಡೆಯುತ್ತಿದ್ದರೋ ಏನೋ. ‘ಏನೂ ಇಲ್ಲ ಸಾಹೇಬ್ರ’ ಎಂದೆ. ಇಂದಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಸಾಹೇಬರು ಇಳಿದಿದ್ದ ಬಂಗಲೆಯ ಲೆಕ್ಕ ಮುಗಿಸಲು ನಾನು ಹಿಂದೆ ಉಳಿದಿದ್ದೆ; ಒಂಬತ್ತಕ್ಕೆ ಮಿಸ್ತ್ರಿಗಳ ಗಾಡಿ ಬಂತು. ರೋಶನಬಿ ತೊಳೆದ ಬಿಳಿ ದುಪ್ಪಟಿ ಹೊದ್ದು, ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ದಂಡೆಯ ರಾಡಿಯಲ್ಲಿ ದೋಣಿ ಎಳೆದ ಗುರುತು, ನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣ, ಅಷ್ಟೇ ಉಳಿದಿದ್ದವು. ಮಿಸ್ತ್ರಿಗಳು ಹೆಂಡತಿಯ ಮುಖ ನೋಡಲಾರದೆ ನೀರನ್ನೇ ನೋಡುತ್ತ ನಿಂತಾಗ ಆಕೆಯೇ ಗಾಡಿಯಿಂದಿಳಿದು ಬಂದಳು.

“ಬರ್ರಿ, ಇಲ್ಲೇ ಕುಂಡ್ರೂಣು. ಎಲ್ಲಿಂದ ಎಲ್ಲಿತನಕ ಒಯ್ಯಾವ್ರಿದ್ರಿ, ಹೇಳ್ರಿ. ನಾ ನೋಡತೇನಿ.”

ದಂಡೆಯ ಕಲ್ಲಿನ ಮೇಲೆ ಇಬ್ಬರೂ ಕುಳಿತರು. ಮಿಸ್ತ್ರಿಗಳು ಎಡಗೈಯನ್ನು ಹಿಂದಕ್ಕೆ ಚಾಚಿ ಇಲ್ಲದ ಹಿಡಿಕೆಯನ್ನು ಹಿಡಿದು, ಬಲಗೈಯಿಂದ ದಾರಿ ತೋರಿಸತೊಡಗಿದರು: ಮೊದಲು ಆ ಒಂಟಿ ಮರದತನಕ, ಅಲ್ಲಿಂದ ಬಂಡೆಯನ್ನು ಬಳಸಿ, ಆಮೇಲೆ ಹೊಳೆಗೆ ಎದುರಾಗಿ ಮೇಲಕ್ಕೆ. ಬಂಡೆಯ ಹತ್ತಿರ ಅವರ ಎಡಗೈ ತಿರುಗಿದಾಗ, ರೋಶನಬಿಯ ಮೈ ತಾನಾಗಿ ಬಲಕ್ಕೆ ವಾಲಿತು. ಆಕೆ ಬುತ್ತಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಅಲ್ಲಿ ನಿಲ್ಲಲಾರದೆ ಬಂಗಲೆಯ ಕಡೆಗೆ ನಡೆದೆ.

ಮಿಸ್ತ್ರಿಗಳು ಈಗಿಲ್ಲ. ಬಾಗಿದ ಕಬ್ಬಿಣದ ಕೀಲು ಕಡೆಯತನಕ ಅವರ ಕೋಟಿನ ಜೇಬಿನಲ್ಲಿತ್ತು; ಚಿಲಕವಿಲ್ಲದ ಟ್ರಂಕಿಗೆ ರೋಶನಬಿ ಹಗ್ಗ ಕಟ್ಟಿದ್ದಳು. ಆ ಹಿತ್ತಾಳೆ ಮಾತ್ರ ಯಾವುದೋ ಪರವೂರಿನ ನೀರಿನಲ್ಲಿ ತಿರುಗುತ್ತಿರಬೇಕು. ತಮ್ಮ ಸೀಮೆಗೆ ಬೇಡವಾದ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡು ಬಾಳುವವರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ನಡಿಗೆ ನಮಗೆ ನಗೆ ತರುತ್ತದೆ. ಅಪರೂಪಕ್ಕೆ ಅವರ ವೇಳೆ ಬಂದಾಗಲೂ ಒಬ್ಬರೇ ಸುಖಪಡಲು ಅವರಿಗೆ ಬರುವುದಿಲ್ಲ. ಜೊತೆಯವರನ್ನು ಕರೆತರಲು ಹಿಂದಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ನಮ್ಮಂಥವರು ಲಾರಿಯ ಪಕ್ಕದಲ್ಲಿ ನಿಂತು, ಏನೂ ಉಳಿದಿಲ್ಲ ಎಂದು ಹೇಳಿರುತ್ತೇವೆ.